ಫೇಲಾಗಲು ಹೋದ ದುರ್ಬೀನಣ್ಣ

ನಿಮ್ಮ ಅಡುಗೆಮನೆಯ ಸಕ್ಕರೆ, ಸೋಪು, ಮಗುವಿನ ಹಾಲಿನ ಪುಡಿ ತಾವಾಗಿ ನಡೆದು ಬಂದವಲ್ಲ. ಇಪ್ಪತ್ತೇಳು ವರ್ಷ ಅವನ್ನೆಲ್ಲ ಹೊತ್ತು ತಂದ ಡ್ರೈವರನೊಬ್ಬನಿದ್ದ. ಎಷ್ಟೋ ದೂರದ ಗುಂಡಿಯೂ ಅವನ ಕಣ್ಣಿಗೆ ಬೀಳುತ್ತಿತ್ತು. ಅದಕ್ಕೇ ಲಾರಿ ಶೆಡ್ಡಿನವರು ಅವನಿಗೆ ದುರ್ಬೀನಣ್ಣ ಎಂದು ಹೆಸರಿಟ್ಟಿದ್ದರು. ನಾಲ್ಕು ವರ್ಷದಿಂದ ಕಣ್ಣಿನ ನರ ಸೋಲುತ್ತ ಬಂತು. ಆಪರೇಷನ್ನಿಗೂ ಬಗ್ಗುವ ಕಾಯಿಲೆಯಲ್ಲ. ಹೆಸರು ಉಳಿಯಿತು, ದೃಷ್ಟಿ ಹೋಯಿತು.

ಆದರೂ ಕಂಪನಿಯ ಕಣ್ಣಿನ ಪರೀಕ್ಷೆಯಲ್ಲಿ ವರ್ಷವರ್ಷವೂ ಪಾಸು. ಗೋಡೆಯ ಅಕ್ಷರಗಳ ಪಟವನ್ನು ಯಾರೂ ಬದಲಿಸುತ್ತಿರಲಿಲ್ಲ. ಒಮ್ಮೆ ಜೊತೆಗೆ ಹೋದ ಹೆಂಡತಿ ಅದನ್ನು ಬರೆದುಕೊಂಡು ಬಂದಿದ್ದಳು. ಪಾತ್ರೆ ತೊಳೆಯುತ್ತಲೇ ಬಾಯಿಪಾಠ ಮಾಡಿಸುತ್ತಿದ್ದಳು.

"ಮೂರನೇ ಸಾಲು?"

"ಗ, ತ, ರ, ಪ."

"ರ ಕೊನೇಲಿ ಬರೋದು ಕಣ್ರೀ! ಶಾಲೇಲೂ ಹಿಂಗೇ ಓದಿದ್ರಾ?"

"ಅಲ್ಲಿ ಚೆನ್ನಾಗಿ ಓದಿದ್ರೆ ನಿನ್ನ ಕೈಲಿ ಯಾಕೆ ಬೈಸ್ಕೊಳ್ತಿದ್ದೆ?"

ಹೋದ ತಿಂಗಳು ರಸ್ತೆಯ ಅಂಚಿನಲ್ಲೊಂದು ಸಿಮೆಂಟ್ ಚೀಲ ಬಿದ್ದಂತೆ ಕಂಡಿತು. ಹತ್ತಿರ ಬರುತ್ತಿದ್ದಂತೆ ಚೀಲ ಎದ್ದು ನಿಂತಿತು. ಚಪ್ಪಲಿಯ ಬಾರು ಸರಿಮಾಡಿಕೊಳ್ಳುತ್ತ ಕೂತಿದ್ದ ಹೆಂಗಸು! ಬ್ರೇಕ್ ಹಿಡಿಯಿತು, ಅವಳು ಶಾಪ ಹಾಕಿ ಹೋದಳು. ಇವನು ಲಾರಿಯನ್ನು ಪಕ್ಕಕ್ಕೆ ಹಾಕಿ ಅರ್ಧ ಗಂಟೆ ಅಲ್ಲೇ ನಿಲ್ಲಿಸಿದ.

"ಈ ಸಲ ನಿಜ ಹೇಳ್ಬಿಡ್ತೀನಿ ಕಣೆ," ಎಂದ ಮನೆಗೆ ಬಂದು.

ಡಾಕ್ಟರು ಫೇಲ್ ಮಾಡಿದ ಡ್ರೈವರಿಗೆ ಗೇಟಿನಲ್ಲಿ ಕಾವಲು ಕೆಲಸ ಕೊಡುವುದು ಕಂಪನಿಯ ನಿಯಮ. ತಾನಾಗಿ ಬಿಟ್ಟವನಿಗೆ ಏನೂ ಇಲ್ಲ. ಬೇರೆ ಆಸ್ಪತ್ರೆಯ ಚೀಟಿ ಅಲ್ಲಿ ನಡೆಯದು. ಅಂದರೆ ಅವನು ಫೇಲಾಗಲೇಬೇಕಿತ್ತು.

ಪರೀಕ್ಷೆಯ ದಿನ ಡಾಕ್ಟರು ಫೋನಿನಿಂದ ತಲೆ ಎತ್ತದೆ, "ಮೂರನೇ ಸಾಲು ಓದಿ," ಎಂದರು.

"ಕಾಣಲ್ಲ ಸಾರ್."

"ಮೊದಲನೇದು?"

"ಗೋಡೆ ಕಾಣುತ್ತೆ. ಅಕ್ಷರ ಕಾಣಲ್ಲ."

ಪಕ್ಕದಲ್ಲಿದ್ದ ಮ್ಯಾನೇಜರ್ ನಕ್ಕ. "ನಾಟಕ ಬಿಡು ದುರ್ಬೀನಣ್ಣ. ಹೋದ್ವರ್ಷ ಗಿಣಿ ಥರ ಓದಿದ್ದೆ, ರೆಕಾರ್ಡಲ್ಲಿದೆ. ಗೇಟಲ್ಲಿ ಕೂತು ಕುರ್ಚಿ ಬಿಸಿ ಮಾಡೋ ಆಸೆನಾ?"

"ಅದು ಬಾಯಿಪಾಠ ಸಾರ್. ನಾಲ್ಕು ವರ್ಷದಿಂದ."

"ಹಂಗಾದ್ರೆ ನಾಲ್ಕು ವರ್ಷ ಮೋಸ ಮಾಡಿದೆ ಅಂತ ಬರ್ಕೊಳ್ಲಾ? ಡ್ರೈವರ್‌ಗಳೇ ಸಿಗ್ತಿಲ್ಲ ಮಾರಾಯ. ಲೋಡ್ ರೆಡಿ ಇದೆ, ಹೊರಡು."

ಡಾಕ್ಟರು ಮುದ್ರೆ ಒತ್ತಿದರು: ಫಿಟ್. ಕಣ್ಣು ನೋಡುವುದಕ್ಕೇ ಸಂಬಳ ಪಡೆಯುವ ಆ ಮನುಷ್ಯ ಒಮ್ಮೆಯೂ ಇವನ ಕಣ್ಣು ನೋಡಲಿಲ್ಲ.

ದುರ್ಬೀನಣ್ಣ ಲಾರಿಯ ಕೀಲಿಯನ್ನು ಮೇಜಿನ ಮೇಲಿಟ್ಟು ಮನೆಯವರೆಗೂ ನಡೆದೇ ಬಂದ. ಹೆಂಡತಿ ಬಾಗಿಲಲ್ಲೇ ನಿಂತಿದ್ದಳು.

"ಫೇಲಾದ್ರಾ?"

"ಅದೂ ಆಗ್ಲಿಲ್ಲ."

ಅವಳು ಒಳಗೆ ಹೋದಳು. ಅಡುಗೆಮನೆಯ ಗೋಡೆಗೆ ಅಂಟಿಸಿದ್ದ ಅಕ್ಷರದ ಹಾಳೆಯನ್ನು ಕಿತ್ತು ಒಲೆಗೆ ಹಾಕಿದಳು. ಮರುದಿನದಿಂದ ಮೂರು ಮನೆಗಳ ಪಾತ್ರೆ ತೊಳೆಯಲು ಹೊರಟಳು.

ಲಾರಿಯೇನೂ ನಿಲ್ಲಲಿಲ್ಲ. ಪರೀಕ್ಷೆಯ ಸಾಲಿನಲ್ಲಿ ಇವನ ಹಿಂದೆ ನಿಂತಿದ್ದವನು ಅಂದೇ ಮಧ್ಯಾಹ್ನ ಅದನ್ನು ಹೊರಡಿಸಿದ. ಅವನ ಚೀಟಿಯ ಮೇಲೂ ಫಿಟ್ ಎಂದಿದೆ. ಅವನ ಕಣ್ಣು ಹೇಗಿದೆಯೋ ನನಗೆ ಗೊತ್ತಿಲ್ಲ. ಡಾಕ್ಟರಿಗೂ ಗೊತ್ತಿಲ್ಲ. ರಸ್ತೆಯ ಅಂಚಿನಲ್ಲಿ ಚಪ್ಪಲಿಯ ಬಾರು ಸರಿಮಾಡಿಕೊಳ್ಳಲು ಕೂರುವ ಮುನ್ನ ನಿಮಗಾದರೂ ಗೊತ್ತಿರಲಿ.