ಹುಲ್ಲು ಹಾಸುವ ಮೇಸ್ತ್ರಿ

ನಮ್ಮ ಬೀದಿಯ ಹುಲ್ಲಿನ ಮೇಸ್ತ್ರಿಗೆ ತಾನು ಹಾಸುವ ಪ್ಲಾಸ್ಟಿಕ್ ಹುಲ್ಲಿಗಿಂತ ಅದರಡಿಯ ಜಲ್ಲಿಯ ಬಗ್ಗೆಯೇ ಹೆಮ್ಮೆ. ನೀರು ನಿಲ್ಲುವ ಜೇಡಿಮಣ್ಣಿನ ಅಂಗಳ ಕಂಡರೆ ಹಳೇ ವೈರಿ ಸಿಕ್ಕಂತೆ ಮುಖ ಸಿಂಡರಿಸಿ, ಗೇಣಾಳ ಅಗೆದು, ಜಲ್ಲಿ ತುಂಬಿ, ಮೋರಿಯ ಕಡೆಗೆ ಇಳಿಜಾರು ಕೊಟ್ಟ ಮೇಲೆಯೇ ಹುಲ್ಲಿನ ಸುರುಳಿ ಬಿಚ್ಚುತ್ತಾನೆ. ಕೊನೆಗೊಂದು ಬಕೆಟ್ ನೀರು ಸುರಿದು, ಅದು ಇಂಗುವವರೆಗೆ ಯಾರಿಗೂ ಉಸಿರೆತ್ತಲು ಬಿಡುವುದಿಲ್ಲ. "ನೋಡಿದ್ರಾ ಅಮ್ಮಾ? ಇನ್ನು ಈ ಹುಲ್ಲಿಗೆ ಜನ್ಮದಲ್ಲಿ ನೀರು ಹಾಕೋದು ಬೇಡ" ಎಂದು ಮನೆಯೊಡತಿಗೆ ಹೇಳಿ ಕೈ ಕೊಡವುತ್ತಾನೆ. ತಮ್ಮದೇ ಮನೆಯಂಗಳದ ಕೆಸರಲ್ಲಿ ಜಾರಿ ಸೊಂಟ ಮುರಿದುಕೊಂಡ ಅವನ ತಾಯಿ ಈಗ ಕಿಟಕಿಯ ಪಕ್ಕ ಮಲಗಿದ್ದಾಳೆ; ಆಮೇಲೆ ಮಗ ಆ ಅಂಗಳಕ್ಕೆ ಹಾಸಿದ್ದು ನಿಜವಾದ ಹುಲ್ಲೆಂದೇ ಅವಳ ನಂಬಿಕೆ. "ನೀರು ಹಾಕಿದ್ಯೇನೋ? ಒಣಗಿಹೋದೀತು" ಎಂದು ದಿನಾ ಬೆಳಿಗ್ಗೆ ಕೇಳುತ್ತಾಳೆ. "ಈಗ ಹಾಕ್ತೀನಮ್ಮಾ" ಎಂದು ಮೇಸ್ತ್ರಿ ಬಕೆಟ್ ಎತ್ತಿಕೊಂಡು ಹೋಗಿ, ಒಂದು ಮೂಲೆಯನ್ನೂ ಬಿಡದೆ ನೀರು ಹಾಕುತ್ತಾನೆ.