ಕ್ಷೇಮಾಧಿಕಾರಿ ರಾಮಾಂಜಿನಪ್ಪನವರು ಹುಳದ ಮನೆಗೆ ಹೋದದ್ದು

ದೇವನಹಳ್ಳಿ ಪಕ್ಕದ ವಿಜಯಪುರದ ಕಾಲೇಜಿನಲ್ಲಿ ತರ್ಕಶಾಸ್ತ್ರ ಓದಲು ಒಬ್ಬಳೇ ಒಬ್ಬ ಹುಡುಗಿ ಉಳಿದ ವರ್ಷ, ಅದನ್ನು ಕಲಿಸುತ್ತಿದ್ದ ರಾಮಾಂಜಿನಪ್ಪನವರಿಗೆ ವಿದ್ಯಾರ್ಥಿ ಕ್ಷೇಮಾಧಿಕಾರಿ ಎಂಬ ಪಟ್ಟ ಕಟ್ಟಲಾಯಿತು. ಅದು ಎಪ್ಪತ್ತಮೂರನೇ ಇಸವಿ. ಸಂಬಳ ತಿನ್ನುವ ಮನುಷ್ಯ ದಿನವಿಡೀ ಸ್ಟಾಫ್ ರೂಮಿನಲ್ಲಿ ಕೂತು ನಸ್ಯ ಏರಿಸುತ್ತ, ಉಳಿದವರ ಕಾಫಿಯೊಳಕ್ಕೆ ಅದರ ಪುಡಿ ಉದುರಿಸುವುದನ್ನು ನೋಡಲಾರದೆ ಪ್ರಿನ್ಸಿಪಾಲ್ ವೆಂಕಟರಾಯಪ್ಪನವರು ಮಾಡಿದ ಏರ್ಪಾಡು ಅದು. ಹಳ್ಳಿಯಿಂದ ಬಂದ ಮಕ್ಕಳು ಕಾಲೇಜಿಗೆ ಒಗ್ಗಿಕೊಳ್ಳಲಾರದೆ ಫೇಲಾಗುತ್ತಿದ್ದಾರೆ, ಅವರ ಕೈ ಹಿಡಿಯಲು ಒಬ್ಬರನ್ನು ನೇಮಿಸಿ ಎಂದು ಮೇಲಿನಿಂದ ಸುತ್ತೋಲೆಯೂ ಬಂದಿತ್ತು. ಇಡೀ ಕಾಲೇಜಿನಲ್ಲಿ ಬಿಡುವಾಗಿದ್ದ ಕೈಗಳೆಂದರೆ ಇವರವೇ.

ಸಾಹೇಬರು ಬೆಂಗಳೂರಿಗೆ ಒಂದು ವಾರದ ಶಿಬಿರಕ್ಕೆ ಹೋಗಿ ಬಂದರು. ಹೋಗುವಾಗ ಜಡಿಗೇನಹಳ್ಳಿಯ ರಾಗಿ ಹೊಲದಿಂದ ಎದ್ದು ಬಂದ ಸಾಧಾರಣ ಎಂ.ಎ. ಆಗಿದ್ದವರು ಬರುವಾಗ ಸಾಕ್ಷಾತ್ ಧನ್ವಂತರಿಯೇ ಆಗಿದ್ದರು. ಕೆಂಪು ಬಸ್ಸಿನಿಂದಿಳಿದು, ಬಗಲಿಗೆ ಚರ್ಮದ ಚೀಲ ಸಿಕ್ಕಿಸಿಕೊಂಡು ಪೇಟೆಯ ಬೀದಿಯಲ್ಲಿ ನಡೆದು ಬಂದ ಆ ಗತ್ತನ್ನು ಕಂಡವರು, ಯಾರೋ ಪಾಳೇಗಾರ ದೇವನಹಳ್ಳಿ ಕೋಟೆಯನ್ನು ಗೆದ್ದುಕೊಂಡು ಬಂದನೆಂದೇ ತಿಳಿಯಬೇಕು. ಶಿಬಿರದಲ್ಲಿ ಅವರಿಗೆ ಸಿಕ್ಕ ಬ್ರಹ್ಮಾಸ್ತ್ರ ಒಂದೇ ಒಂದು ಪದ: ಹೊಂದಾಣಿಕೆ. ಹುಡುಗ ಪಾಠ ತಿಳಿಯಲಿಲ್ಲವೆಂದರೆ ಹೊಂದಾಣಿಕೆಯ ಕೊರತೆ. ಹೊಟ್ಟೆನೋವೆಂದರೆ ಹೊಂದಾಣಿಕೆಯ ಕೊರತೆ. ಬಸ್ಸು ತಪ್ಪಿತೆಂದರೂ ಅದೇ.

ಮಕ್ಕಳ ನಿಜವಾದ ತೊಂದರೆ ಕಿವುಡನಿಗೂ ಗೊತ್ತಾಗುವಂತಿತ್ತು. ಕಾಲೇಜು ನಡೆಯುತ್ತಿದ್ದದ್ದು ರೇಷ್ಮೆ ನೂಲಿಗೆ ಹುರಿ ಹಾಕುವ ಕಾರ್ಖಾನೆಯೊಂದರ ಮಹಡಿಯ ಮೇಲೆ. ಕೆಳಗೆ ಯಂತ್ರದ ಗದ್ದಲ, ಮೇಲೆ ಇಂಗ್ಲಿಷು. ಹತ್ತನೇ ತರಗತಿಯವರೆಗೆ ಕನ್ನಡದಲ್ಲಿ ಓದಿ ಬಂದವರಿಗೆ ಇವೆರಡರಲ್ಲಿ ಯಾವುದು ಯಾವುದೆಂದು ತಿಳಿಯಲು ಮೂರು ತಿಂಗಳು ಹಿಡಿಯುತ್ತಿತ್ತು. ಪಾಠವನ್ನು ಇನ್ನೊಮ್ಮೆ ಕನ್ನಡದಲ್ಲಿ ಬಿಡಿಸಿ ಹೇಳುವವರೊಬ್ಬರು ಸಿಕ್ಕಿದ್ದರೆ ಸಾಕಿತ್ತು. ಬದಲಿಗೆ ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ‘ಮಾರ್ಗದರ್ಶನ ಕೇಂದ್ರ’ ಎಂಬ ಹಲಗೆ ಬಿತ್ತು, ಅದರಡಿ ರಾಮಾಂಜಿನಪ್ಪನವರು ವಿರಾಜಮಾನರಾದರು.

ಮೊದಲು ಬಲೆಗೆ ಬಿದ್ದವನು ಸೂಲಿಬೆಲೆಯ ಬೈರಣ್ಣ.

“ಸಾರ್, ಎಕನಾಮಿಕ್ಸು ಒಂದಕ್ಷರ ತಿಳೀತಿಲ್ಲ. ಎಲ್ಲಾ ಇಂಗ್ಲಿಷ್‌ನಲ್ಲೇ ಹೇಳ್ತಾರೆ.”

“ಬೆಳಿಗ್ಗೆ ಎಷ್ಟೊತ್ತಿಗೆ ಏಳ್ತೀಯ?”

“ಕೋಳಿ ಕೂಗೋ ಹೊತ್ಗೆ ಸಾರ್. ಹಾಲು ಕರೀಬೇಕು.”

“ನೋಡು, ಅಲ್ಲೇ ಇದೆ ಮೂಲ. ನಿದ್ದೆ ಸಾಲದೆ ಹೊಂದಾಣಿಕೆ ತಪ್ಪಿದೆ. ನಾಳೆಯಿಂದ ಸೂರ್ಯ ಹುಟ್ಟಿದ ಮೇಲೆ ಏಳು.”

“ಹಸ ಒಪ್ಪಲ್ಲ ಸಾರ್.”

ಸಹಕಾರ ಮನೋಭಾವ ಇಲ್ಲದ ಹುಡುಗ ಎಂದು ಬೈರಣ್ಣನ ಮೇಲೆ ತೀರ್ಪಾಯಿತು. ಅಲ್ಲಿಂದಾಚೆಗೆ ಮಕ್ಕಳು ಆ ಮೆಟ್ಟಿಲನ್ನು ಎರಡೆರಡಾಗಿ ಹಾರಿ ಹತ್ತತೊಡಗಿದರು.

ತರ್ಕಶಾಸ್ತ್ರದ ಆ ಒಬ್ಬಳೇ ವಿದ್ಯಾರ್ಥಿನಿಯ ಹೆಸರು ಕದಿರಮ್ಮ. ಸೂಲಿಬೆಲೆ ರಸ್ತೆಯ ಕಡೆಯ ಒಂದು ಹಳ್ಳಿಯವಳು. ಆ ಹಳ್ಳಿಯಿಂದ ಕಾಲೇಜು ಹತ್ತಿದ ಮೊದಲ ಹುಡುಗಿ. ಮನೆಯಲ್ಲಿ ರೇಷ್ಮೆ ಹುಳ ಸಾಕುತ್ತಿದ್ದರು. ಹುಳ ಸಾಕುವ ಮನೆಯಲ್ಲಿ ಕಡೆಯ ವಾರವೆಂದರೆ ಯುದ್ಧಕಾಲ. ಹೊತ್ತುಹೊತ್ತಿಗೆ ಹಿಪ್ಪುನೇರಳೆ ಸೊಪ್ಪು ಬೀಳಬೇಕು. ಹುಳ ಹಣ್ಣಾಗಿ ಮೈ ಹಳದಿಗೆ ತಿರುಗಿತೆಂದರೆ ಒಂದೊಂದನ್ನೇ ಆರಿಸಿ, ಗೂಡು ಕಟ್ಟಲು ಚಂದ್ರಿಕೆಯೆಂಬ ಬಿದಿರಿನ ತಟ್ಟಿಗೆ ಬಿಡಬೇಕು. ಆಗ ಮನೆಯ ಯಾವ ಕೈಯೂ ಹೊರಗೆ ಇರುವಂತಿಲ್ಲ. ಹೀಗೆ ಒಂದೊಂದು ಬೆಳೆಗೂ ಒಂದೊಂದು ವಾರ ತಪ್ಪಿಸಿಕೊಂಡು ಕದಿರಮ್ಮನ ಹಾಜರಾತಿ ಮುಕ್ಕಾಲು ಪಾಲಿಗಿಂತ ಕೆಳಗಿಳಿದಿತ್ತು. ಅಷ್ಟಿಲ್ಲದವರು ಪರೀಕ್ಷೆಗೆ ಕೂರುವಂತಿರಲಿಲ್ಲ. ಕಾರಣ ನಿಜವೆಂದು ಕ್ಷೇಮಾಧಿಕಾರಿ ಶಿಫಾರಸು ಮಾಡಿದರೆ ಮಾತ್ರ ಪ್ರಿನ್ಸಿಪಾಲರು ಮನ್ನಾ ಮಾಡಬಹುದಿತ್ತು.

ಅವಳ ಅಪ್ಪ ಮುನಿಶಾಮಪ್ಪ ಮೊದಲೇ ಹೇಳಿದ್ದ: “ಒಂದ್ಸಲ ಓದು, ಬ್ಯಾಡ ಅನ್ನಕ್ಕಿಲ್ಲ. ಪರೀಕ್ಷೆ ತಪ್ಪೋಯ್ತು, ಇನ್ನೊಂದು ವರ್ಷ ಕಳ್ಸಿ ಅನ್ನಂಗಿಲ್ಲ.”

ಅವಳು ಮೆಟ್ಟಿಲ ಕೆಳಗಿನ ಕೋಣೆಗೆ ಹೋಗಿ ಸಂಗತಿ ಹೇಳಿದಳು. ರಾಮಾಂಜಿನಪ್ಪನವರ ಕಣ್ಣು ಹೊಳೆಯಿತು. ಶಿಬಿರದಲ್ಲಿ ಕಲಿತ ವಿದ್ಯೆಗಳಲ್ಲಿ ‘ಗೃಹಸಂದರ್ಶನ’ ಎಂಬುದೊಂದು ಇನ್ನೂ ಪ್ರಯೋಗವಾಗದೆ ತುಕ್ಕು ಹಿಡಿಯುತ್ತಿತ್ತು.

“ನಿನ್ನ ಮನೆಯ ವಾತಾವರಣ ಕಣ್ಣಾರೆ ನೋಡದೆ ಬರೆದುಕೊಡಲಾಗುವುದಿಲ್ಲಮ್ಮ. ಬರುತ್ತೇನೆ.”

“ಮುಂದಿನ ವಾರ ಬನ್ನಿ ಸಾರ್. ಈ ವಾರ ಹುಳ ಹಣ್ಣಾಗ್ತವೆ.”

“ಸಂದರ್ಶನ ಮುನ್ಸೂಚನೆ ಇಲ್ಲದೆ ಇರಬೇಕು,” ಎಂದು ಮುನ್ಸೂಚನೆ ಕೊಟ್ಟು ಕಳಿಸಿದರು.

ಮಾರನೆಯ ದಿನವೇ ದಂಡಯಾತ್ರೆ. ಹೊರಗಿನವರು ಕಾಲಿಟ್ಟರೆ ಹುಳ ಸಾಯುತ್ತದೆ, ಒಳಗೆ ಬರಬೇಡಿ ಎಂಬ ಗುರುತಿಗೆ ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿತ್ತು. ಕದಿರಮ್ಮನ ತಾಯಿ ಅಕ್ಕಯಮ್ಮ ಸೊಪ್ಪಿನ ಕುಕ್ಕೆ ಹೊತ್ತು ಎದುರಾದಳು.

“ಮೇಷ್ಟ್ರು ಬಂದ್ರಾ? ಬನ್ನಿ ಸಾಮಿ, ಜಗಲಿ ಮ್ಯಾಲೆ ಕೂತ್ಕಳಿ. ಒಳಕ್ಕೆ ಮಾತ್ರ ಬ್ಯಾಡಿ, ಹುಳ ಹಣ್ಣಾಗವೆ.”

“ಹುಡುಗಿ ಓದುವ ವಾತಾವರಣ ನೋಡಬೇಕಲ್ಲಮ್ಮ.”

“ಓದೋದು ಈ ಜಗಲಿ ಮ್ಯಾಲೇಯಾ. ನೀವು ಕೂತಿದೀರಲ್ಲ, ಅದೇ ವಾತಾವರಣ.”

ಇಷ್ಟಕ್ಕೆ ಹಿಂದಿರುಗಿದ್ದರೆ ಇವರ ಚರಿತ್ರೆ ಬರೆಯುವ ಅಗತ್ಯವೇ ಬೀಳುತ್ತಿರಲಿಲ್ಲ. ರಾಮಾಂಜಿನಪ್ಪನವರು ಎದ್ದು ನಿಂತು ಉಪನ್ಯಾಸ ಸುರು ಮಾಡಿದರು.

“ನೋಡಿ, ಇದು ಮೂಢನಂಬಿಕೆ. ನೀವು ಮನುಷ್ಯರು, ನೀವು ಒಳಗೆ ಹೋದರೆ ಹುಳ ಸಾಯುವುದಿಲ್ಲ. ನಾನೂ ಮನುಷ್ಯ. ಆದ್ದರಿಂದ ನಾನು ಹೋದರೂ ಸಾಯುವುದಿಲ್ಲ.”

ಜಗಲಿಯ ತುದಿಯಲ್ಲಿ ಸೊಪ್ಪು ಬಿಡಿಸುತ್ತ ಕೂತಿದ್ದ ಮುನಿಶಾಮಪ್ಪ ಸ್ವಲ್ಪ ಯೋಚಿಸಿದ. “ಲೆಕ್ಕ ಸರಿಯಾಗೈತೆ ಸಾಮಿ. ಆದ್ರೂ ಬ್ಯಾಡಿ.”

ಸರಿಯಾಗಿದೆ ಎಂದ ಮೇಲೆ ತಾರ್ಕಿಕನನ್ನು ತಡೆಯುವುದುಂಟೇ? ಕಾಲು ತೊಳೆಯದೆ, ತಲೆ ಬಾಗಿಸದೆ ಒಳಗೆ ನುಗ್ಗಿದರು. ಒಂದರ ಮೇಲೊಂದು ಹುಳದ ತಟ್ಟೆ, ನಡುವೆ ಕದಿರಮ್ಮ ಕೂತು ಹಣ್ಣು ಹುಳ ಆರಿಸುತ್ತಿದ್ದಳು. ಪುಸ್ತಕವೊಂದು ಬೋರಲಾಗಿ ಪಕ್ಕದಲ್ಲೇ ಇತ್ತು. ಈ ದೃಶ್ಯ ಕಂಡು ಕ್ಷೇಮಾಧಿಕಾರಿಗಳ ಹೃದಯ ಕರಗಿತು. ಮಹತ್ತಾದ ಮಾತೊಂದು ಹೊಟ್ಟೆಯಿಂದ ಎದ್ದು ಬಂತು. ಮಹತ್ತಾದ ಮಾತಿಗೆ ಮುಂಚೆ ನಸ್ಯ ಏರಿಸುವುದು ಅವರ ಪದ್ಧತಿ. ಡಬ್ಬಿ ತೆಗೆದು, ಚಿಟಿಕೆ ಹಿಡಿದು, ಮೂಗಿಗೆ ಒತ್ತಿದರು.

“ಅಯ್ಯೋ ಸಾರ್, ಹೊಗೆಸೊಪ್ಪು,” ಎಂದು ಕದಿರಮ್ಮ ಏಳುವಷ್ಟರಲ್ಲಿ ಸೀನು ಬಂತು. ಅದು ನಾಲ್ಕು ಜನರಿಗೆ ಬರುವಂಥ ಸೀನಲ್ಲ. ಚಿಟಿಕೆಯಲ್ಲಿದ್ದದ್ದು, ಡಬ್ಬಿಯಲ್ಲಿದ್ದದ್ದು, ಮೂಗಿನಲ್ಲಿದ್ದದ್ದು, ಮೂರೂ ಒಂದಾಗಿ ಮೇಲಿನ ಎರಡು ತಟ್ಟೆಗಳ ಮೇಲೆ ಮಂಜಿನಂತೆ ಇಳಿದವು. ರೇಷ್ಮೆ ಹುಳಕ್ಕೆ ಹೊಗೆಸೊಪ್ಪು ಅಂದರೆ ವಿಷ. ಆ ಊರಿನ ಗಂಡಸರು ಬೀಡಿ ಸೇದಿ ಬಂದರೆ ಕೈ ಬಾಯಿ ತೊಳೆಯದೆ ಹುಳದ ಹತ್ತಿರ ಸುಳಿಯುತ್ತಿರಲಿಲ್ಲ. ಇನ್ನೇನು ಗೂಡು ಕಟ್ಟಬೇಕಿದ್ದ ಹುಳಗಳು ತಲೆಯೆತ್ತಿ ಹಸಿರು ನೀರು ಕಾರಿಕೊಂಡವು, ಸುರುಳಿ ಸುತ್ತಿ ಒದ್ದಾಡಿದವು.

ಅಕ್ಕಯಮ್ಮ ಕುಕ್ಕೆ ಬಿಟ್ಟು ಒಳಗೆ ಬಂದಳು. ಎಂ.ಎ. ಪದವೀಧರರ ರಟ್ಟೆ ಹಿಡಿದು, ತಿಂದುಳಿದ ಸೊಪ್ಪಿನ ಕಡ್ಡಿಯನ್ನು ತಿಪ್ಪೆಗೆ ಎಸೆಯುವ ಹಾಗೆ ಹೊರಗೆ ಹಾಕಿದಳು. ಕದಿರಮ್ಮ ಎರಡು ತಟ್ಟೆಯನ್ನೂ ಹಿತ್ತಲಿಗೆ ಹೊತ್ತು ಹೋಗಿ ಹುಳಗಳನ್ನು ಗುಂಡಿಗೆ ಸುರಿದು ಮಣ್ಣು ಮುಚ್ಚಿದಳು.

ಕಾಲೇಜಿಗೆ ಬಂದ ವರದಿ ಹೀಗಿತ್ತು: ಮನೆಯೊಳಗಿನ ವಾತಾವರಣ ಓದಿಗೆ ಪ್ರತಿಕೂಲ, ಪೋಷಕರು ಒರಟರು, ವಿದ್ಯಾರ್ಥಿನಿಗೆ ಹೊಂದಿಕೊಳ್ಳುವ ಮನಸ್ಸಿಲ್ಲ, ಆದ್ದರಿಂದ ಶಿಫಾರಸಿಲ್ಲ. ಆದರೆ ವಿಜಯಪುರ ಸುಮ್ಮನಿರುವ ಊರೇ? ಅಲ್ಲಿ ಹುಳದಿಂದಲೇ ಅನ್ನ, ಹುಳದ್ದೇ ಮಾತು. ನಸ್ಯದ ಸಂಗತಿ ಬಸ್ಸಿಗಿಂತ ಮುಂಚೆ ಪೇಟೆ ತಲುಪಿತ್ತು. ಕೇಳಿದವರಿಗೆಲ್ಲ ರಾಮಾಂಜಿನಪ್ಪನವರು ಒಂದೇ ಪಾಠ ಒಪ್ಪಿಸತೊಡಗಿದರು: “ನಾನು ಜಗಲಿ ದಾಟಲೇ ಇಲ್ಲ.”

ಪರೀಕ್ಷೆ ಹತ್ತಿರ ಬಂದಾಗ ತಾಯಿ ಮಗಳು ಪ್ರಿನ್ಸಿಪಾಲರ ಕೋಣೆಗೆ ಬಂದರು. ಅಲ್ಲಿ ಸಂಜೀವಪ್ಪ ಕೂತಿದ್ದ. ಕೆಳಗಿನ ಹುರಿ ಕಾರ್ಖಾನೆ ಅವನದೇ, ಕಾಲೇಜಿನ ಸಮಿತಿಗೂ ಅವನೇ ಯಜಮಾನ. ಕ್ಷೇಮಾಧಿಕಾರಿಗಳಿಗೆ ಕರೆ ಹೋಯಿತು.

“ಏನ್ ಮೇಷ್ಟ್ರೇ, ನಸ್ಯ ಏರಿಸ್ಕಂಡು ಹುಳದ ಮನೆ ಒಳಕ್ಕೆ ಹೋಗಿದ್ರಂತೆ?” ಎಂದ ಸಂಜೀವಪ್ಪ. “ಹಂಗೇನಾದ್ರೂ ಆಗಿದ್ರೆ ಈ ಮಹಡಿ ಹತ್ತಕ್ಕೆ ನಿಮ್ಮನ್ನ ಬಿಡಕ್ಕಿಲ್ಲ.”

“ಯಾರೋ ಆಗದವರು ಹುಟ್ಟಿಸಿದ್ದು. ನಾನು ಜಗಲಿ ದಾಟಲೇ ಇಲ್ಲ.”

ಅಕ್ಕಯಮ್ಮ ಸೆರಗು ಬಿಗಿದು ಬಾಯಿ ತೆರೆದಳು. ಮಗಳು ಅವಳ ಕೈ ಅದುಮಿ ಹಿಡಿದು ತಾನೇ ಮಾತಾಡಿದಳು.

“ಸಾರ್, ನೀವು ಒಳಗೆ ಬಂದಿದ್ರೆ ನಾನು ಹುಳ ಆರಿಸ್ತಿದ್ದದ್ದನ್ನ ನೋಡಿದೀರ. ಹಂಗಾದ್ರೆ ನಾನು ಕೊಟ್ಟ ಕಾರಣ ನಿಜ, ಶಿಫಾರಸು ಕೊಡಬೇಕು. ಒಳಗೆ ಬರಲೇ ಇಲ್ಲ ಅಂದ್ರೆ ಮನೆಯೊಳಗಿನ ವಾತಾವರಣ ನೋಡಿಲ್ಲ. ಹಂಗಾದ್ರೆ ವರದಿ ಸುಳ್ಳು, ವಾಪಸ್ ತಗೋಬೇಕು. ಬಂದಿದ್ರಿ, ಇಲ್ಲಾ ಬರಲಿಲ್ಲ. ಮೂರನೇದು ಇರಲ್ಲ ಅಂತ ನೀವೇ ಪಾಠ ಮಾಡಿದ್ದು.”

ಪ್ರಿನ್ಸಿಪಾಲರ ಮುಖದಲ್ಲಿ ಎಷ್ಟೋ ವರ್ಷಗಳ ಕಾಫಿಯ ಋಣ ತೀರಿದಂಥ ಕಳೆ ಮೂಡಿತು. “ಪಾಠ ನಡೀತಿದೆ ಅಂತ ಇವತ್ತು ಗೊತ್ತಾಯ್ತು ರಾಮಾಂಜಿನಪ್ಪನೋರೆ. ಯಾವ್ದು ಹೇಳಿ, ಬಂದಿದ್ರೋ, ಬರಲಿಲ್ವೋ?”

ನಮ್ಮ ಮಹಾರಥಿ ಅತ್ತ ನೋಡಿದರು, ಇತ್ತ ನೋಡಿದರು. ಒಂದು ಕಡೆ ಸಂಜೀವಪ್ಪ, ಇನ್ನೊಂದು ಕಡೆ ತಾವೇ ಬರೆದ ವರದಿ. ಕೊನೆಗೆ, “ಬರಲಿಲ್ಲ. ವರದಿಯಲ್ಲಿ ಸ್ವಲ್ಪ ಅವಸರವಾಯಿತು,” ಎಂದರು. ಆ ಕ್ಷಣವೇ ವರದಿ ಹರಿದು ಹೋಯಿತು, ಹುಡುಗಿ ಹೇಳಿದ ಕಾರಣವೇ ನಿಜವೆಂದು ಪ್ರಿನ್ಸಿಪಾಲರು ಮುಂದಿಟ್ಟ ಶಿಫಾರಸಿಗೆ ರುಜು ಬಿತ್ತು. ಅಕ್ಕಯಮ್ಮನ ಎರಡು ತಟ್ಟೆ ಹುಳ ಯಾರ ತಪ್ಪೂ ಇಲ್ಲದೆ ಸತ್ತಂತಾಯಿತು.

ಮೆಟ್ಟಿಲಿಳಿಯುವಾಗ ಅವಳು ಮಗಳನ್ನು ಗದರಿದಳು. “ಅವನ ಸುಳ್ಳ ನೀನೇ ಗಟ್ಟಿ ಮಾಡ್ಬಿಟ್ಟೆಯಲ್ಲೇ.”

“ಹುಳ ಸತ್ತೋದ್ವಲ್ಲಮ್ಮ. ಪರೀಕ್ಷೆ ಇನ್ನೂ ಸತ್ತಿರಲಿಲ್ಲ.”

ಕದಿರಮ್ಮ ಪರೀಕ್ಷೆ ಬರೆದಳು. ಎರಡನೇ ದರ್ಜೆಯಲ್ಲಿ ಪಾಸಾದಳು. ತರ್ಕಶಾಸ್ತ್ರದಲ್ಲಿ ಬಂದ ಅಂಕ ಆ ಕಾಲೇಜಿಗೆ ಹಿಂದೆಂದೂ ಬಂದದ್ದಲ್ಲ. ಮುನಿಶಾಮಪ್ಪ ಬಿ.ಎ.ಗೂ ಸೇರು ಅಂದ.

ಇನ್ನೊಬ್ಬ ಮನುಷ್ಯನಾಗಿದ್ದರೆ ಅಲ್ಲಿಗೆ ತಲೆ ತಗ್ಗಿಸಿಕೊಂಡು ಸುಮ್ಮನಾಗುತ್ತಿದ್ದ. ರಾಮಾಂಜಿನಪ್ಪನವರ ತಲೆಗೆ ತಗ್ಗುವ ಅಭ್ಯಾಸವಿರಲಿಲ್ಲ. ಹಳ್ಳಿಯ ವಿದ್ಯಾರ್ಥಿನಿಯೊಬ್ಬಳು ಮಾರ್ಗದರ್ಶನ ಕೇಂದ್ರದ ಸತತ ಪರಿಶ್ರಮದಿಂದ ಕಾಲೇಜಿಗೆ ಹೊಂದಿಕೊಂಡು ಉನ್ನತಿ ಪಡೆದ ಕಥೆ ಮೇಲಕ್ಕೆ ಹೋಯಿತು. ಮೇಲಿನಿಂದ ಒಬ್ಬರು ದೊಡ್ಡವರು ಬಂದರು. ಮಹಡಿಯ ಮೇಲೆ ಸನ್ಮಾನ ಸಭೆ ಏರ್ಪಾಡಾಯಿತು, ಹೂವಿನ ಹಾರ ಬಂತು, ಕದಿರಮ್ಮನಿಗೆ ಹೇಳಿ ಕಳಿಸಿದ್ದೂ ಆಯಿತು. ದೊಡ್ಡವರು ಗಡಿಯಾರ ನೋಡಿಕೊಂಡರು. ಕ್ಷೇಮಾಧಿಕಾರಿಗಳು ಹಾರ ಹಿಡಿದು ಬಾಗಿಲಲ್ಲಿ ನಿಂತೇ ನಿಂತರು. ಕೆಳಗೆ ಯಂತ್ರಗಳು ತಿರುಗುತ್ತಿದ್ದವು.

ಕದಿರಮ್ಮ ಬರಲಿಲ್ಲ. ಮನೆಯಲ್ಲಿ ಸೊಪ್ಪು ಕೊಯ್ಯುವ ದಿನ. ಅಲ್ಲದೆ ಈ ಸಭೆಗೆ ಹಾಜರಾತಿ ಹಾಕುತ್ತಿರಲಿಲ್ಲ.