ಪುಕ್ಕಟೆ ಹೆಲ್ಮೆಟ್ಟಿಗೆ ನಾನು ಕೊಟ್ಟ ಸರ್ಟಿಫಿಕೇಟ್

ಕಳೆದ ವಾರ ಬ್ಯಾಂಕಿನಲ್ಲಿ ಊಟದ ಡಬ್ಬಿ ತೆರೆಯುವಷ್ಟರಲ್ಲಿ ಫೋನು ಬಂತು. ನಂಬರು ಗುರುತಿನದಲ್ಲ, ಮಾತು ಮಾತ್ರ ನಮ್ಮ ಕಡೆಯದೇ.

'ಸರ್, ಪೇಪರಿನ್ಯಾಗ ಕ್ರಿಕೆಟ್ ಹೆಲ್ಮೆಟ್ ಬಗ್ಗೆ ಬರದವ್ರು ನೀವ ಏನ್ರಿ? ಅದನ್ನ ಹಾಕ್ಕೊಂಡು ಒಂದರೆ ಬಾಲ್ ಆಡೀರೇನ್ರಿ?'

ನಾನು ಮೊದಲೇ ಅನುಮಾನದ ಪ್ರಾಣಿ. ನಾಸಿಕ್‌ಗೆ ವರ್ಗವಾಗಿ ಬಂದ ಮೇಲೆ ಆ ರೋಗ ಇನ್ನೂ ಹೆಚ್ಚಾಗಿದೆ. ಪಿಂಪಳಗಾಂವದಲ್ಲಿ ದ್ರಾಕ್ಷಿ ಪೆಟ್ಟಿಗೆ ತೆಗೆದುಕೊಂಡರೆ ಮೇಲಿನ ಪದರ ಎತ್ತಿ ಕೆಳಗಿನದನ್ನು ನೋಡದೆ ಬಿಡುವವನಲ್ಲ. ಇಂಟರ್ನೆಟ್ಟಿನಲ್ಲಿ ಒಂದು ಶೂಗೆ ಬಂದವರೆಲ್ಲ ಐದು ಸ್ಟಾರ್ ಕೊಟ್ಟಿದ್ದರೆ ಆ ಪೇಜನ್ನೇ ಮುಚ್ಚಿಬಿಡುತ್ತೇನೆ. (ಒಬ್ಬನಿಗಾದರೂ ಹಿಮ್ಮಡಿ ಕಚ್ಚಬೇಡವೇ?)

ಹಾಗಾಗಿ ಮೊದಲ ಅನುಮಾನ ಫೋನು ಮಾಡಿದವರ ಮೇಲೇ ಬಿತ್ತು. ಬೇರೆ ಕಂಪನಿಯವರು ಬಿಟ್ಟ ಆಸಾಮಿ ಇರಬಹುದೇ?

ಅಲ್ಲ. ಅವರ ಹೆಸರು ಶಿವಕುಮಾರ್. ಮೂಲ ಭಾಲ್ಕಿ ಕಡೆ, ಈಗ ಔರಂಗಾಬಾದಿನ ಚಿಕಲಠಾಣಾದ ಫ್ಯಾಕ್ಟರಿಯೊಂದರಲ್ಲಿ ಕೆಲಸ. ಮಗಳು ಸ್ನೇಹಾ ಎಂಟನೇ ಕ್ಲಾಸು, ಲೆದರ್ ಬಾಲಿನಲ್ಲಿ ಕ್ರಿಕೆಟ್ ಆಡುತ್ತಾಳೆ. ಈ ಅಂಕಣ ಓದಿ ಅವಳಿಗೆ ಅದೇ ಹೆಲ್ಮೆಟ್ ಕೊಡಿಸಿದ್ದರು. ಪ್ರಾಕ್ಟೀಸಿನಲ್ಲಿ ಎಗರಿದ ಚೆಂಡು ನೇರ ಹೆಲ್ಮೆಟ್ಟಿನ ಒಳಕ್ಕೇ ನುಗ್ಗಿ ಬಾಯಿಗೆ ಬಡಿದಿದೆ. ಮುಂದಿನ ಹಲ್ಲು ಅರ್ಧ ಹೋಯಿತು, ತುಟಿಗೆ ನಾಲ್ಕು ಹೊಲಿಗೆ.

'ಆಡೂದ ಬಂದ್ ಮಾಡಿಸೀನ್ರಿ,' ಎಂದರು.

'ಪಟ್ಟಿ ಸರಿಯಾಗಿ ಬಿಗಿದಿದ್ರೇನ್ರಿ?' ಎಂದು ಕೇಳಿದೆ. (ನಾಚಿಕೆಗೆಟ್ಟ ಪ್ರಶ್ನೆ. ಕಂಪನಿಯ ವಕೀಲನಿದ್ದರೂ ಇದನ್ನೇ ಕೇಳುತ್ತಿದ್ದ.)

'ಬಂದು ನೋಡ್ರಿ,' ಎಂದು ಫೋನಿಟ್ಟರು.

ಭಾನುವಾರ ಔರಂಗಾಬಾದಿನ ಬಸ್ಸು ಹತ್ತಿದೆ. ಆ ಹೆಲ್ಮೆಟ್ ನನ್ನ ಕೈಗೆ ಹೇಗೆ ಬಂತು ಎಂದು ನಿಮಗೆ ಹೇಳಿರಲಿಲ್ಲ. ಈಗ ಹೇಳುತ್ತೇನೆ. ನಾಸಿಕ್ ಹತ್ತಿರದ ಸಿನ್ನರ್‌ನಲ್ಲಿ ಅದನ್ನು ತಯಾರಿಸುವ ಸಂಗಮೇಶ ನಮ್ಮ ಕನ್ನಡ ಸಂಘದ ಗೆಳೆಯರು. ಯುಗಾದಿ ಕಾರ್ಯಕ್ರಮ ಮುಗಿದ ಮೇಲೆ ಒಂದು ಬಾಕ್ಸನ್ನು ಕೈಗಿಟ್ಟು, 'ನಾಕ ಸಾಲು ಬರೀರಿ. ನಮ್ಮವ್ರಿಗೆ ನಮ್ಮವ್ರ ಮಾಡ್ಲಿಲ್ಲಂದ್ರ ಹೆಂಗ್ರಿ?' ಎಂದಿದ್ದರು.

ಪರವೂರಿನಲ್ಲಿ 'ನಮ್ಮವರು' ಎಂದುಬಿಟ್ಟರೆ ನಾನು ಕರಗಿ ನೀರಾಗುತ್ತೇನೆ. ಇಲ್ಲಿನ ಅಂಗಡಿಯವನಿಗೆ ಹತ್ತು ಪ್ರಶ್ನೆ ಕೇಳುವ ಬಾಯಿ, ಕನ್ನಡ ಕೇಳಿದ ಕೂಡಲೇ ಮುಚ್ಚಿಕೊಳ್ಳುತ್ತದೆ. ಶಿವಕುಮಾರ್ ಮಾಡಿದ್ದೂ ಅದನ್ನೇ ಅಲ್ಲವೇ? ಬರೆದವನು ನಮ್ಮವನು ಎಂದು ನಂಬಿದರು.

ನಾನು ಮಾಡಿದ ಪರೀಕ್ಷೆಯಾದರೂ ಏನು? ಕನ್ನಡಿಯ ಮುಂದೆ ಹಾಕಿಕೊಂಡೆ. ತೆಂಗಿನಕಾಯಿ ಆರಿಸುವವರ ಹಾಗೆ ಬೆರಳಲ್ಲಿ ತಟ್ಟಿದೆ. ಹೇಗೆ ಕಾಣುತ್ತೇನೆ ಎಂದು ಹೆಂಡತಿಯನ್ನು ಕೇಳಿದೆ. 'ನಿಮ್ಮ ಬ್ಯಾಂಕನ್ನ ನೀವ ಲೂಟಿ ಮಾಡ್ಲಿಕ್ಕೆ ಹೊಂಟಂಗ ಕಾಣ್ತೀರಿ,' ಎಂದಳು. ಮುಗಿಯಿತು. ಕೂತು 'ಗಟ್ಟಿ, ಹಗುರ, ಮಕ್ಕಳಿಗೆ ಪೂರ್ತಿ ಸೇಫ್' ಎಂದು ಬರೆದೆ.

ಪುಕ್ಕಟೆ ಬಂದದ್ದು ಎಂದು ಬರೆಯಲಿಲ್ಲ. ಕಾಲೇಜು ಬಿಟ್ಟ ಮೇಲೆ ಬ್ಯಾಟು ಮುಟ್ಟಿಲ್ಲ ಎಂದೂ ಬರೆಯಲಿಲ್ಲ. ಇದು ಸುಳ್ಳು ಹೇಳಿದಂತಾಯಿತೇ, ಹೇಳಬೇಕಾದ್ದನ್ನು ನುಂಗಿದಂತಾಯಿತೇ? ಬಸ್ಸಿನ ತುಂಬ ಇದನ್ನೇ ಲೆಕ್ಕ ಹಾಕುತ್ತ ಕೂತಿದ್ದೆ. ನನ್ನ ಪರವಾಗಿ ಒಂದು ಮಾತೂ ಸಿಗಲಿಲ್ಲ.

ಶಿವಕುಮಾರರ ಮನೆಯಲ್ಲಿ ಸ್ನೇಹಾ ಹೆಲ್ಮೆಟ್ಟನ್ನೂ ಚೆಂಡನ್ನೂ ಹಿಡಿದುಕೊಂಡೇ ಬಾಗಿಲಿಗೆ ಬಂದಳು. ತುಟಿ ಇನ್ನೂ ಊದಿತ್ತು. 'ಅಂಕಲ್, ಹೇ ಬಘಾ,' ಎಂದು ನನ್ನೆದುರೇ ತೋರಿಸಿದಳು. (ನೋಡಿ ಎಂದರ್ಥ. ಇಲ್ಲೇ ಬೆಳೆದ ಹುಡುಗಿ, ಕನ್ನಡಕ್ಕಿಂತ ಮರಾಠಿ ಸಲೀಸು.) ಹಣೆಯ ಮೇಲೆ ಚಾಚಿದ ಅಂಚಿಗೂ ಮುಖದ ಮುಂದಿನ ಜಾಲರಿಗೂ ನಡುವೆ ಒಂದು ಸಂದಿ ಇರುತ್ತದೆಯಲ್ಲ, ಅಲ್ಲಿ ಚೆಂಡು ಇಟ್ಟು ಹೆಬ್ಬೆರಳಿನಿಂದ ಒತ್ತಿದಳು.

ಚೆಂಡು ಒಳಗೆ ಹೋಯಿತು.

ಇದಕ್ಕೆ ಎರಡು ಸೆಕೆಂಡು ಸಾಕಾಯಿತು. ಕ್ರಿಕೆಟ್ ಆಡಲು ಬರಬೇಕೆಂದೂ ಇಲ್ಲ. ಅರ್ಧ ಪುಟ ಹೊಗಳುವ ಮೊದಲು ನಾನು ಇದೊಂದನ್ನು ಮಾಡಿ ನೋಡಿರಲಿಲ್ಲ.

ಅಲ್ಲಿಂದಲೇ ಸಂಗಮೇಶರಿಗೆ ಫೋನು ಹಚ್ಚಿದೆ. 'ಜಾಲರಿ ಸ್ಕ್ರೂ ತಿರುವಿ ಮ್ಯಾಲ ಮಾಡ್ಕೋಬೇಕ್ರಿ. ಬಾಕ್ಸಿನ್ಯಾಗ ಚೀಟಿ ಹಾಕೀವಲ್ಲ,' ಎಂದರು. ಕೂಡಲೇ, 'ಪೇಪರಿನ್ಯಾಗ ಮಾತ್ರ ತರಬ್ಯಾಡ್ರಿ. ಹುಡುಗಿಗೆ ಬ್ಯಾರೆ ಎರಡು ಕಳಸ್ತೀನಿ,' ಎಂದರು.

ಚೀಟಿ ನನ್ನ ಬಾಕ್ಸಿನಲ್ಲೂ ಇರಲಿಲ್ಲ, ಇವರ ಬಾಕ್ಸಿನಲ್ಲೂ ಇಲ್ಲ. ಸ್ಕ್ರೂ ತಿರುವಿ ಜಾಲರಿಯನ್ನು ಕೊನೆಯವರೆಗೂ ಏರಿಸಿದೆ. ಚೆಂಡು ಆಗಲೂ ನುಗ್ಗಿತು. ಇನ್ನು ಯಾರ ಮೇಲೆ ಅನುಮಾನ ಪಡಲಿ?

ಆದ್ದರಿಂದ ಗೆಳೆತನ ಉಳಿಯಲಿ ಬಿಡಲಿ, ಇದನ್ನು ಬರೆಯುತ್ತಿದ್ದೇನೆ. ನನ್ನ ಮಾತು ಕೇಳಿ ಆ ಹೆಲ್ಮೆಟ್ ಕೊಂಡವರು ದಯವಿಟ್ಟು ಮಕ್ಕಳ ತಲೆಗೆ ಹಾಕಬೇಡಿ. ಇನ್ನು ಮುಂದೆ ಇಲ್ಲಿ ಬ್ಯಾಟು, ಶೂ, ಮೊಣಕಾಲಿನ ಪ್ಯಾಡು ಏನೇ ಬಂದರೂ, ಅದನ್ನು ನಾನೇ ಕೊಂಡೆನೋ ಯಾರಾದರೂ ಕೊಟ್ಟರೋ, ಎಷ್ಟು ದಿನ ಬಳಸಿದೆನೋ ಮೊದಲ ಸಾಲಿನಲ್ಲೇ ಇರುತ್ತದೆ. ಇಲ್ಲದಿದ್ದರೆ ಮುಂದೆ ಓದಬೇಡಿ.

ಇಷ್ಟಕ್ಕೇ ಮುಗಿದಿದ್ದರೆ ಕ್ಷಮೆ ಕೇಳಿ ಕೈ ತೊಳೆದುಕೊಳ್ಳುತ್ತಿದ್ದೆ. ಆದರೆ ನಾನು ಹೊರಡಲು ಎದ್ದಾಗ ಸ್ನೇಹಾ ಇನ್ನೊಂದು ಹೆಲ್ಮೆಟ್ ತಂದು ನನ್ನ ಕೈಗಿಟ್ಟಳು. ಅವಳ ಕೋಚ್ ಕೊಟ್ಟದ್ದು. ಮುಂದಿನ ಭಾನುವಾರ ಜಿಲ್ಲಾ ತಂಡದ ಸೆಲೆಕ್ಷನ್ನು.

'ಇದು ಚಲೋ ಅದ ಅಂಕಲ್. ಅಪ್ಪಾಗ ಸಾಂಗಾ ನಾ,' ಎಂದಳು. ಅಪ್ಪನಿಗೆ ನೀವೇ ಹೇಳಿ ಎಂದು.

ಚೆಂಡು ಇಟ್ಟು ಒತ್ತಿದೆ. ಹೋಗಲಿಲ್ಲ. ಎರಡೂ ಕೈ ಹಚ್ಚಿ, ಮೇಲಿನಿಂದ, ಪಕ್ಕದಿಂದ ಒತ್ತಿದೆ. ಊಹೂಂ. ಜೀವಮಾನದಲ್ಲಿ ಯಾವ ವಸ್ತುವನ್ನೂ ಇಷ್ಟು ಪರೀಕ್ಷೆ ಮಾಡಿದವನಲ್ಲ.

'ಶಿವಕುಮಾರ್, ಇದು ಗಟ್ಟಿ ಅದರಿ. ಆಡ್ಲಿ ಬಿಡ್ರಿ,' ಎಂದೆ.

ಅವರು ಸಿಟ್ಟಾಗಲಿಲ್ಲ. 'ಅದಕ್ಕೂ ಗಟ್ಟಿ ಅಂತನ ಬರದಿದ್ರಿ,' ಎಂದು ನನ್ನ ಕೈಯಿಂದ ಹೆಲ್ಮೆಟ್ ತೆಗೆದುಕೊಂಡು ಕಪಾಟಿನ ಮೇಲೆ ಇಟ್ಟುಬಿಟ್ಟರು.

ಸ್ನೇಹಾ ಅಪ್ಪನನ್ನು ನೋಡಲಿಲ್ಲ, ನನ್ನನ್ನೇ ನೋಡುತ್ತಿದ್ದಳು. ಈ ಸಲ ನಾನು ಹೇಳಿದ್ದು ನಿಜ. ಅದನ್ನು ಆ ಮನೆಯಲ್ಲಿ ಯಾವ ಬಾಯಿಂದ ಇನ್ನೊಮ್ಮೆ ಹೇಳಲಿ?